ಮಡಿಯ ಹೊರಗಿಟ್ಟ ಫೋನು

ನನ್ನ ಪತ್ನಿಯ ತೋಳಿಗೆ ಅಂಟಿಸಿರುವ ಪುಟ್ಟ ಬಿಲ್ಲೆಯೊಂದು ಅವಳ ದೇಹದ ಸಕ್ಕರೆಯನ್ನು ಸದಾ ಅಳೆಯುತ್ತಿರುತ್ತದೆ. ಅವಳ ಫೋನು ಹತ್ತಿರದಲ್ಲಿದ್ದರಷ್ಟೇ ಆ ಅಳತೆ ಅದಕ್ಕೆ ತಲುಪುತ್ತದೆ. ಅದರೊಳಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅವಳ ಊಟ, ನಿದ್ರೆಗಳ ಕ್ರಮವನ್ನು ಕಲಿತುಕೊಂಡಿದೆ. ಸಕ್ಕರೆ ಇಳಿಯುವ ಸೂಚನೆ ಕಂಡರೂ, ಅಳತೆ ಬಾರದೆ ನಿಂತರೂ, ಕಡಕೊಳದ ಕಾರ್ಖಾನೆಯಲ್ಲಿರುವ ನಮ್ಮ ಮಗಳನ್ನು ಅದು ಎಚ್ಚರಿಸುತ್ತದೆ.

ಕಳೆದ ವರ್ಷ ನನ್ನ ತಾಯಿಯ ಶ್ರಾದ್ಧದ ದಿನ, ಮಿಂದು ಮಡಿಯುಟ್ಟು ಅಡುಗೆಗೆ ನಿಲ್ಲುವ ಮೊದಲು, ಇದನ್ನೆಲ್ಲ ಏನು ಮಾಡಲೆಂದು ಪತ್ನಿ ಕೇಳಿದಳು. ನಾನು ಬಹಳ ಬಲ್ಲವನಂತೆ ವಿಧಿಸಿದೆ: "ಬಿಲ್ಲೆ ಮೈಗೆ ಅಂಟಿದ್ದು, ಇರಲಿ. ಔಷಧಕ್ಕೆ ದೋಷವಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ತೊಗೋ. ತಿಂಡಿ ಮಾತ್ರ ಬೇಡ, ಬ್ರಾಹ್ಮಣರ ಊಟ ಆಗಲಿ."

ಫೋನು ಮೈಲಿಗೆ. ಅವಳದನ್ನೂ ನನ್ನದನ್ನೂ ಸದ್ದಡಗಿಸಿ ಹೊರಗಿನ ವರಾಂಡದಲ್ಲಿಟ್ಟು ಬಂದೆ.

ಪಾಯಸ ಇಳಿಸುವ ವೇಳೆಗೆ ಅವಳು ಬೆವೆತುಹೋಗಿದ್ದಳು. ಒಲೆಯ ಕಾವಿರಬೇಕೆಂದುಕೊಂಡೆ.

"ರೀ, ಒಂಚೂರು ಬೆಲ್ಲ ಬಾಯಿಗೆ ಹಾಕ್ಕೊಳ್ಲಾ?"

"ಇನ್ನೇನು ಅವರು ಬಂದ್ಬಿಡ್ತಾರೆ ಕಣೇ, ಸ್ವಲ್ಪ ತಾಳ್ಕೋ."

ತಾಳಿಕೊಂಡಳು. ಆಮೇಲೆ ಗೋಡೆಗೊರಗಿ ಕುಸಿದು ಕೂತಳು.

ಅಷ್ಟರಲ್ಲಿ ಗೇಟಿನ ಬಳಿ ಸ್ಕೂಟರ್ ನಿಂತಿತು. ಮಗಳು ನೇರವಾಗಿ ಅಡುಗೆಮನೆಗೆ ನುಗ್ಗಿದಳು. ಬೆವೆತು ಕೂತ ಪತ್ನಿ ಕಣ್ಣೆದುರಿಗಿದ್ದರೂ ನನ್ನ ಬಾಯಿಂದ ಹೊರಟ ಮೊದಲ ಮಾತು, "ಮುಟ್ಟಬೇಡಮ್ಮ, ಮಡಿ!"

"ಮಡಿ ಆಮೇಲೆ ಅಪ್ಪಾ! ಅಳತೆ ಬರ್ತಿಲ್ಲ ಅಂತ ನನ್ನ ಫೋನು ಒದರ್ತಾನೇ ಇದೆ. ಕಾಲ್ ಮಾಡಿದ್ರೆ ಇಲ್ಲಿ ಇಬ್ಬರೂ ಎತ್ತಲ್ಲ. ಸರೀರಿ ಆ ಕಡೆ!" ಎನ್ನುತ್ತ ಮಗಳು ಸಕ್ಕರೆ ಕದಡಿದ ನೀರನ್ನು ತಾಯಿಗೆ ಕುಡಿಸಿದಳು.

ಚೇತರಿಸಿಕೊಂಡ ಕೂಡಲೇ ಪತ್ನಿ ಕೇಳಿದ್ದು, "ಅಯ್ಯೋ, ಅಡುಗೆ ಎಲ್ಲಾ ಮೈಲಿಗೆ ಆಯ್ತಲ್ರೀ?"

ಬಂದ ಬ್ರಾಹ್ಮಣರಿಗೆ ಅಕ್ಕಿ, ಬೇಳೆ, ತರಕಾರಿಗಳನ್ನಿತ್ತು ಶ್ರಾದ್ಧ ಮುಗಿಸಿದೆ. ಅಡುಗೆ ಮಾಡಲಾಗದವರಿಗೆ ಶಾಸ್ತ್ರವೇ ಆ ದಾರಿಯನ್ನು ತೋರಿದೆ. ಅದು ನನಗೆ ಬೆಳಿಗ್ಗೆಯೂ ಗೊತ್ತಿತ್ತು.

ಸಂಜೆ ಅವಳ ಫೋನನ್ನು ಒಳಗೆ ತಂದಾಗ ಬಿಲ್ಲೆ ಕೂಡಿಟ್ಟಿದ್ದ ಅಳತೆಗಳೆಲ್ಲ ಅದರಲ್ಲಿ ಮೂಡಿದವು. ಸಕ್ಕರೆ ಇಷ್ಟು ಇಳಿಯಲು ಕಾರಣವೇನೆಂದು ತಂತ್ರಾಂಶ ಕೇಳಿತು. ಅದು ಸೂಚಿಸಿದ ಯಾವ ಕಾರಣದ ಮೇಲೂ ನನ್ನ ಬೆರಳು ಇಳಿಯಲಿಲ್ಲ. ಪತ್ನಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, 'ಊಟ ಮರೆತೆ' ಎಂಬುದನ್ನು ಒತ್ತಿಬಿಟ್ಟಳು.

ಅದನ್ನೇ ನಂಬಿದ ತಂತ್ರಾಂಶ ಇಂದಿಗೂ ಹೊತ್ತುಹೊತ್ತಿಗೆ, "ಊಟ ಮರೆಯಬೇಡಿ" ಎಂದು ಅವಳಿಗೆ ಬುದ್ಧಿ ಹೇಳುತ್ತದೆ. ಅವಳು "ಆಯ್ತಪ್ಪ" ಎಂದು ನಗುತ್ತಾಳೆ. ನಾನು ಎದ್ದು ಅವಳಿಗೆ ತಟ್ಟೆ ಇಡುತ್ತೇನೆ.