ಅತ್ತೆಗೆ ಶೋ ಕೇಳಿದ್ದು

ಕೈಯಲ್ಲಿ ಮೂರು ರಾಣಿ ಇಟ್ಟುಕೊಂಡು ನಾನು ಸೋತೆನೆಂದು ಎಲೆ ಕೆಳಗಿಡಲು ಹೊರಟಿದ್ದೆ. ಎಂಬತ್ತರ ದಶಕದ ಒಂದು ದೀಪಾವಳಿ, ಗೊಬ್ಬೂರಿನ ನಮ್ಮ ಮನೆಯ ಪಡಸಾಲೆ. ಹಬ್ಬಕ್ಕೆ ತವರಿಗೆ ಬಂದಿದ್ದ ನಾದಿನಿ ಆಗಷ್ಟೇ ನನಗೆ ಮೂರೆಲೆ ಇಸ್ಪೀಟು ಕಲಿಸಿದ್ದಳು. ಮೂರೂ ಒಂದೇ ಥರದವು ಬಂದರೆ ಎಲ್ಲಕ್ಕಿಂತ ದೊಡ್ಡದು, ಅದರ ಕೆಳಗೆ ಸಾಲಾಗಿ ಬಂದದ್ದು, ಜೋಡಿ ಅದಕ್ಕಿಂತ ಸಣ್ಣದು. ಇಬ್ಬರೇ ಉಳಿದಾಗ ಎದುರಿನವರಿಗೆ ‘ಶೋ’ ಕೇಳಿ ಎಲೆ ತೋರಿಸಲು ಹೇಳಬಹುದು. ಪಣಕ್ಕೆ ಹುಣಸೆಬೀಜ.

ನಾದಿನಿ ಆಟ ಬಿಟ್ಟಳು. ಉಳಿದವರು ನಾನು ಮತ್ತು ಅತ್ತೆ. ಅತ್ತೆ ಮುಖದಲ್ಲಿ ಏನೂ ತೋರಗೊಡದೆ ಹಿಡಿಹಿಡಿ ಬೀಜ ಸುರಿಯುತ್ತಿದ್ದರು. ಮದುವೆಯಾದಾಗಿನಿಂದ ಅವರೆದುರು ಹೂಂ ಅಂದವಳೇ ಹೊರತು ನಾನು ಏನನ್ನೂ ಕೇಳಿದವಳಲ್ಲ. ಹಿರಿಯರಿಗೆ ‘ತೋರಿಸ್ರಿ’ ಅನ್ನುವುದು ಹೇಗೆ? ತಲೆಮೇಲಿನ ಸೆರಗು ಸರಿಮಾಡಿಕೊಂಡು, “ನಾ ಬಿಟ್ಟೇನ್ರಿ ಅತ್ತಿ” ಅಂದೆ.

ಅತ್ತೆ ಗಪ್ಪನೆ ನನ್ನ ಕೈ ಹಿಡಿದರು. “ಆಟದಾಗ ಎಂಥಾ ಅತ್ತಿ? ಶೋ ಕೇಳು ಬೇ!”

ಕೇಳಿದೆ. ಅವರ ಎಲೆಗಳಲ್ಲಿ ಒಂದು ಜೋಡಿ ಕೂಡ ಇರಲಿಲ್ಲ! ನನ್ನ ರಾಣಿಯರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಬೀಜವನ್ನೆಲ್ಲ ಬಾಚಿ ನನ್ನ ಉಡಿಗೆ ಸುರಿದರು.

ಮರುದಿನ ಅತ್ತೆ ಮಾಡಿದ ಅಡುಗೆ ಉಣ್ಣಲು ಕೂತಾಗ, ಆ ಮನೆಯಲ್ಲಿ ಮೊದಲ ಸಲ, “ಅತ್ತಿ, ಸಾರಿಗೆ ಉಪ್ಪು ಜಾಸ್ತಿ ಆಗ್ಯಾದ್ರಿ” ಅಂದೆ. ಅತ್ತೆ ಬೆರಳದ್ದಿ ರುಚಿ ನೋಡಿದರು. ಎದ್ದುಹೋಗಿ ಸಾರಿಗೆ ಬಿಸಿನೀರು ಬೆರೆಸಿ ತಂದು, ಮೊದಲು ನನಗೇ ಬಡಿಸಿದರು.