ದಾನೇಶ್ವರಿಯ ಎಡಗಡೆಯ ಗುಳಿ

ತಿಪಟೂರಿನ ರೈಲ್ವೆ ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ ದಾನೇಶ್ವರಿಯ ಹೊಲಿಗೆ ಅಂಗಡಿ. ಮೂವತ್ತಾರು ವರ್ಷದ ಈ ಹೆಂಗಸು ಮೈಯಲ್ಲಿ ಎಂಥ ಐಬಿದ್ದರೂ ಬಟ್ಟೆಯಲ್ಲಿ ಮುಚ್ಚಿಬಿಡುತ್ತಾಳೆ ಎಂದು ಹೆಸರು. ಒಂದು ಭುಜ ಇಳಿದವರು, ಬೆನ್ನು ಗೂನಾದವರು, ಹೆರಿಗೆಯಾದ ಮೇಲೆ ಹೊಟ್ಟೆ ಜೋತುಬಿದ್ದವರು ತುರುವೇಕೆರೆಯಿಂದಲೂ ಬಸ್ಸು ಹತ್ತಿ ಅವಳ ಹತ್ತಿರ ಬರುತ್ತಾರೆ. ಅವಳದೇ ಐಬು ಮಾತ್ರ ತಾಯಿಗೂ ಗಂಡನಿಗೂ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಅವಳ ಎಡ ಪೃಷ್ಠದಲ್ಲಿ ಒಂದು ಗುಳಿ ಇತ್ತು. ಮಗುವಿನ ಮುಷ್ಟಿ ಹೊಂದಿಕೊಂಡು ಕೂರುವಷ್ಟು ಆಳ.

ಅದು ಕಂದಿಕೆರೆಯಲ್ಲಿ ಆದದ್ದು. ದಾನೇಶ್ವರಿಗೆ ಆಗ ಒಂಬತ್ತು ವರ್ಷ, ತಂಗಿ ಜೀವಿತಾಳಿಗೆ ಆರು. ಇಬ್ಬರಿಗೂ ಒಟ್ಟಿಗೆ ಜ್ವರ ಬಂತು. ಊರೂರು ತಿರುಗುತ್ತಿದ್ದ ಕಾಂಪೌಂಡರ್ ಒಬ್ಬ ಬಂದು ಒಂದೇ ಮಧ್ಯಾಹ್ನ ಇಬ್ಬರಿಗೂ ಸೂಜಿ ಚುಚ್ಚಿ ಹೋದ. ಮೂರನೆಯ ದಿನ ಜೀವಿತಾ ತೀರಿಕೊಂಡಳು. ದಾನೇಶ್ವರಿಗೆ ಸೂಜಿ ಚುಚ್ಚಿದ ಜಾಗ ಕೀವು ತುಂಬಿ ತೆಂಗಿನಕಾಯಿಯಂತೆ ಊದಿತು. ಅದನ್ನು ಕೊಯ್ದು ಕೀವು ತೆಗೆದರು. ಅವರ ಪದ್ಧತಿಯಂತೆ ತಂಗಿಯನ್ನು ತೋಟದ ಬದುವಿನಲ್ಲಿ ಕೂರಿಸಿ ಮಣ್ಣು ಮಾಡುವಾಗ ಅಕ್ಕ ಬೋರಲಾಗಿ ಮಲಗಿದ್ದಳು. ತಿಂಗಳು ಕಳೆದು ಎದ್ದಾಗ ಗಾಯ ಮಾಯ್ದಿತ್ತು, ಗುಳಿ ಉಳಿದಿತ್ತು. ಬದುವಿನ ಕಡೆಗೆ ಅವಳನ್ನು ಯಾರೂ ಕರೆದುಕೊಂಡು ಹೋಗಲಿಲ್ಲ.

ಬೇಸಿಗೆಯಲ್ಲೂ ಗುಳಿ ತಣ್ಣಗಿರುತ್ತಿತ್ತು. ಸೋಮವಾರ ಸೋಮವಾರ ತಲೆಗೆ ನೀರು ಹಾಕುವಾಗ ತಾಯಿ ದ್ರಾಕ್ಷಾಯಣಮ್ಮ ಕೊನೆಗೆ ಒಂದು ಚೊಂಬು ಬಿಸಿನೀರನ್ನು ಆ ಗುಳಿಗೇ ಹುಯ್ಯುತ್ತಿದ್ದಳು. ನಿಧಾನವಾಗಿ, ಮಾತಿಲ್ಲದೆ. ಯಾಕೆಂದು ಕೇಳಿದರೆ "ಸುಮ್ನೆ ನಿಂತ್ಕೋ" ಅನ್ನುತ್ತಿದ್ದಳು. ದಾನೇಶ್ವರಿಗೆ ಅರ್ಥವಾಗಿದ್ದು ಮದುವೆಯ ಹಿಂದಿನ ದಿನ. ಅಂದು ಚೊಂಬು ಬರಿದಾದ ಮೇಲೆ ತಾಯಿ ಮಗಳ ಬೆನ್ನ ಹಿಂದೆ ಗುಳಿಯ ಹತ್ತಿರಕ್ಕೆ ಬಗ್ಗಿ ಮೆಲ್ಲಗೆ ಅಂದಳು:

"ಸಾಕೇನೇ ಜೀವಿ? ಗಂಡನ್ ಮನೇಲಿ ಅಕ್ಕಂಗೆ ತೊಂದ್ರೆ ಕೊಡಬ್ಯಾಡ ಕಣವ್ವ."

ದಾನೇಶ್ವರಿ ತಿರುಗಿ ನೋಡಲಿಲ್ಲ. ಬಚ್ಚಲ ಗೋಡೆ ಹಿಡಿದುಕೊಂಡು, ನೀರೆಲ್ಲ ಇಳಿದುಹೋಗುವ ತನಕ ನಿಂತೇ ಇದ್ದಳು.

ಗಂಡ ಪರಮೇಶ್ ಕೊಬ್ಬರಿ ಮಂಡಿಯಲ್ಲಿ ಗುಣಮಟ್ಟ ನೋಡಿ ಬೇರ್ಪಡಿಸುವ ಕೆಲಸದವನು. ಒಳ್ಳೆಯ ಮನುಷ್ಯ. ಗುಳಿಯನ್ನು ನೋಡಿದ ದಿನ "ನೋವೈತಾ?" ಎಂದು ಕೇಳಿದ್ದು ಬಿಟ್ಟರೆ ಮತ್ತೆ ಆ ಮಾತೆತ್ತಲಿಲ್ಲ. ತಾಯಿ ಅಂದ ಮಾತನ್ನು ಅವಳು ಅವನಿಗೂ ಹೇಳಲಿಲ್ಲ. ಆದರೆ ಮಿಷನ್ನಿನ ಮುಂದೆ ಸ್ಟೂಲಿನ ಮೇಲೆ ಕೂತಾಗಲೆಲ್ಲ ಬಲಕ್ಕೆ ಸರಿದು, ಎಡಕ್ಕೆ ಒಂದಿಷ್ಟು ಜಾಗ ಬಿಟ್ಟೇ ಕೂರುತ್ತಿದ್ದಳು. "ಯಾರಿಗೆ ಜಾಗ ಹಿಡ್ದಿದ್ದೀಯಕ್ಕ?" ಎಂದು ಗಿರಾಕಿಗಳು ನಗುತ್ತಿದ್ದರು. ಹದಿನೈದು ವರ್ಷ ಹೀಗೆ ಓರೆಯಾಗಿ ಕೂತು ಕೂತು ಸೊಂಟ ಹಿಡಿದುಕೊಂಡಿತು.

ಹೋದ ವರ್ಷ ದಂಡಿನಶಿವರದ ಆಶಾ ಚೂಡಿದಾರ ಸರಿಮಾಡಿಸಲು ಬಂದಳು. ಮೊಬೈಲಿನಲ್ಲಿ ಲೈವ್ ಬಂದು, ಸೀರೆ ಉಟ್ಟು ತೋರಿಸಿ ಮಾರುವ ಹುಡುಗಿ. ಅಳತೆ ತೆಗೆಯಲು ಟೇಪು ಸುತ್ತಿದಾಗ ದಾನೇಶ್ವರಿಯ ಬೆರಳು ಬಟ್ಟೆಯಡಿ ಏನೋ ಒಂದು ಅಂಚಿಗೆ ತಗುಲಿತು. ಬೋರಲು ಹಾಕಿದ ಬಟ್ಟಲಿನ ಕಂಠದಂತಿತ್ತು. ಬಲಗಡೆಗಿಂತ ಎಡಗಡೆ ಒಂದಿಂಚು ಕೆಳಗಿತ್ತು.

ಆಶಾ ಬಾಗಿಲು ಮುಂದೆ ಮಾಡಿ ಹೇಳಿಕೊಂಡಳು. "ಹಿಂದ್ಗಡೆ ತುಂಬ್ಕೊಂಡಂಗೆ ಕಾಣ್ಲಿ ಅಂತ ಬೆಂಗಳೂರಲ್ಲಿ ಇಂಪ್ಲಾಂಟ್ ಹಾಕಿಸ್ಕಂಡೆ ಅಕ್ಕ. ಸಿಲಿಕಾನ್ ಉಂಡೆ. ಮೊದ್ಲು ಚೆನ್ನಾಗೇ ಇತ್ತು. ಈಗ ಒಂದು ಒಳಗೇ ಮಗುಚ್ಕಂಡೈತೆ."

"ನೋವಾಯ್ತದಾ?"

"ನೋವಿಗಿಂತ, ಕೂತ್ರೆ ನನ್ ಮೈ ಮೇಲೆ ನಾನು ಕೂತಂಗಿಲ್ಲ. ಬೇರೆ ಯಾರ್ದೋ ತೊಡೆ ಮೇಲೆ ಕೂತಂಗೈತೆ."

ದಾನೇಶ್ವರಿ ಟೇಪನ್ನು ಕೊರಳಿಗೆ ಹಾಕಿಕೊಂಡು ಅವಳ ಎದುರು ಕೂತಳು. ಅವತ್ತು ಮೊದಲ ಸಲ ಅವಳು ತನ್ನ ಗುಳಿಯ ಸಂಗತಿಯನ್ನು ಹೊರಗಿನವಳೊಬ್ಬಳಿಗೆ ಹೇಳಿದಳು. ತಾಯಿಯ ಚೊಂಬಿನ ವಿಷಯ ಬಿಟ್ಟು. ಆಶಾ ತನ್ನ ಇಂಪ್ಲಾಂಟ್ ತೆಗೆಸಲು ಬೇರೊಬ್ಬ ಲೇಡಿ ಡಾಕ್ಟರನ್ನು ಗೊತ್ತುಮಾಡಿಕೊಂಡಿದ್ದಳು. "ನೀನೂ ಬಾರಕ್ಕ, ಕೇಳ್ಕಂಡು ಬರುವಂತೆ" ಎಂದಳು.

ಡಾಕ್ಟರು ದಾನೇಶ್ವರಿಯನ್ನು ಮಲಗಿಸಿ, ಗುಳಿಯ ಸುತ್ತ ಒತ್ತಿ ನೋಡಿ, ಮೇಜಿನ ಮೇಲಿದ್ದ ಒಂದು ಇಂಪ್ಲಾಂಟನ್ನು ಅವಳ ಕೈಗೆ ಕೊಟ್ಟರು. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಹಿಡಿದ ಕೈಯ ಶಾಖ ಹೀರಿಕೊಂಡು ಮೆಲ್ಲಗೆ ಬೆಚ್ಚಗಾಯಿತು. ಅವಳು ಬೇಗ ಕೆಳಗಿಟ್ಟಳು.

"ಇದನ್ನ ಸ್ನಾಯುವಿನ ಒಳಗೆ ಜಾಗ ಮಾಡಿ ಕೂರಿಸ್ತೀವಿ," ಎಂದರು ಡಾಕ್ಟರು. "ಕರಗಲ್ಲ, ಇಟ್ಟ ಗಾತ್ರ ಹಾಗೇ ಇರುತ್ತೆ. ಮೈಯಲ್ಲಿ ಕೊಬ್ಬೇ ಇಲ್ಲದ ಸಣಕಲರಿಗೆ ಇದೇ ದಾರಿ. ಆದ್ರೆ ಜರುಗಬಹುದು, ಮಗುಚಬಹುದು, ಕೀವಾದ್ರೆ ತೆಗೀಲೇಬೇಕು. ಇನ್ನೊಂದು, ನಿಮ್ಮ ಹೊಟ್ಟೆಯ ಕೊಬ್ಬನ್ನೇ ಹೀರಿ ತೆಗೆದು ಅಲ್ಲಿ ತುಂಬೋದು. ಅದು ನಿಮ್ಮದೇ ಮಾಂಸ. ಆದ್ರೆ ಹಾಕಿದ್ದೆಲ್ಲ ನಿಲ್ಲಲ್ಲ. ಮೂರರಲ್ಲಿ ಒಂದು ಪಾಲು, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು, ಮೈ ವಾಪಸ್ಸು ತಗೊಳ್ಳುತ್ತೆ."

"ಪ್ರಾಣಕ್ಕೆ ಅಪಾಯ ಇಲ್ವಾ ಮೇಡಂ?"

"ಇದೆ. ಕೊಬ್ಬು ಆಳಕ್ಕೆ ಹೋಗಿ ದೊಡ್ಡ ರಕ್ತನಾಳ ಸೇರಿದ್ರೆ ಜೀವಾನೇ ಹೋಗಬಹುದು. ಅದಕ್ಕೇ ಚರ್ಮದ ಕೆಳಗೆ, ಸ್ನಾಯುವಿನ ಮೇಲೆ ಮಾತ್ರ ಹಾಕ್ತೀವಿ. ನಿಮಗೆ ಬೇಕಾಗಿರೋದೂ ಸ್ವಲ್ಪವೇ. ಇಂಪ್ಲಾಂಟ್ ಹಾಕಿದ್ರೆ ಇಡೀ ಭಾಗ ಉಬ್ಬುತ್ತೆ, ಗುಳಿ ಅದರ ಮೇಲೆ ಗುಳಿಯಾಗೇ ಉಳಿಯುತ್ತೆ. ನಿಮಗೆ ಕೊಬ್ಬೇ ಸರಿ."

ಮನೆಗೆ ಬಂದು ಡಾಕ್ಟರು ಅಂದದ್ದನ್ನು ಪರಮೇಶನಿಗೆ ಹೇಳಿದಳು. "ಅಟ್ಟದ್ ಮೇಲಿರೋ ಕಾಯಿ ಒಣಗ್ತಾ ಒಣಗ್ತಾ ಕೊಬ್ರಿ ಚಿಪ್ಪು ಬುಟ್ಟು ಒಳ್ಗೇ ಉರುಳಾಡಲ್ವಾ, ಆ ಹುಡ್ಗೀದು ಹಂಗಾಗಿರೋದು. ನಿಂದು ಹಸಿ ಕಾಯಿ ಥರ ಅಂಟ್ಕಂಡೇ ಇರ್ಲಿ ಬುಡು," ಎಂದ.

ಆಪರೇಷನ್ ಆಯಿತು. ಒಳಗೆ ಬಿಗಿದಿದ್ದ ಹಳೆಯ ಗಾಯದ ಎಳೆಗಳನ್ನು ಸೂಜಿಯಿಂದ ಬಿಡಿಸಿ, ಹೊಕ್ಕುಳ ಕೆಳಗಿನ ಕೊಬ್ಬನ್ನು ಗುಳಿಗೆ ತುಂಬಿದರು. ಮೂರು ವಾರ ಕೂರುವಂತಿರಲಿಲ್ಲ. ದಾನೇಶ್ವರಿ ಬೋರಲಾಗಿ ಮಲಗಿದಳು, ಒಂಬತ್ತು ವರ್ಷದವಳಿದ್ದಾಗ ಮಲಗಿದಂತೆಯೇ. ಆದರೆ ಈ ಸಲ ಎಡಗಡೆ ತಣ್ಣಗಿರಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಇಪ್ಪತ್ತೇಳು ವರ್ಷ ಪಕ್ಕದಲ್ಲಿ ಕೂತಿದ್ದವರು ಹೇಳದೆ ಎದ್ದುಹೋದಂತೆ ಅನಿಸಿ, ಅವಳು ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು.

ತಾಯಿಗೆ ಏನನ್ನೂ ತಿಳಿಸಿರಲಿಲ್ಲ. ಎರಡನೇ ತಿಂಗಳು ದ್ರಾಕ್ಷಾಯಣಮ್ಮ ತಾನಾಗಿ ಬಂದಳು. ದಾನೇಶ್ವರಿ ಮಿಷನ್ನಿನ ಮುಂದೆ ನೆಟ್ಟಗೆ, ಸ್ಟೂಲಿನ ನಡುಮಧ್ಯೆ ಕೂತಿದ್ದಳು. ತಾಯಿ ಹೊಸ್ತಿಲಲ್ಲೇ ನಿಂತು ಸ್ಟೂಲನ್ನು ನೋಡಿದಳು, ಮಗಳನ್ನು ನೋಡಿದಳು. ಹತ್ತಿರ ಬಂದು ಸೀರೆಯ ಮೇಲೆಯೇ ಎಡಗಡೆ ಅಂಗೈ ಇಟ್ಟಳು. ಅಂಗೈ ಒಳಗಿಳಿಯಲಿಲ್ಲ.

"ಅವಳ್ನ ಎಲ್ಲಿ ಕೂರ್ಸಿದ್ಯೇ ದಾನಿ?"

"ಅಮ್ಮ, ಅದು ಗಾಯದ್ ಗುಳಿ ಕಣಮ್ಮ. ಡಾಕ್ಟ್ರು ತುಂಬಿದ್ರು. ನನ್ ಹೊಟ್ಟೇದೇ ತೆಗ್ದು ತುಂಬಿದ್ರು."

ತಾಯಿ ಬೈಯಲಿಲ್ಲ. ಕೈಯನ್ನು ಹಿಂದಿನಿಂದ ಮುಂದಕ್ಕೆ ಜರುಗಿಸಿ, ಹೊಕ್ಕುಳ ಕೆಳಗೆ ತಂದು ನಿಲ್ಲಿಸಿದಳು. ಕೊಬ್ಬು ತೆಗೆದ ಜಾಗ ಇನ್ನೂ ಮರಗಟ್ಟಿತ್ತು. ನರಗಳು ತಿರುಗಿ ಚಿಗುರಲು ವರ್ಷವೇ ಆಗಬಹುದೆಂದು ಡಾಕ್ಟರು ಹೇಳಿದ್ದರು. ತಾಯಿಯ ಕೈ ಅಲ್ಲಿರುವುದು ದಾನೇಶ್ವರಿಯ ಕಣ್ಣಿಗೆ ಕಾಣುತ್ತಿತ್ತು, ಮೈಗೆ ತಿಳಿಯುತ್ತಿರಲಿಲ್ಲ.

"ಇಲ್ಲೇ ಅವ್ಳೆ," ಎಂದಳು ದ್ರಾಕ್ಷಾಯಣಮ್ಮ, ಸಮಾಧಾನವಾದವಳಂತೆ. "ಮಿಸುಕಾಡ್ತಾವ್ಳೆ. ನಿಂಗೆ ಗೊತ್ತಾಯ್ತಿಲ್ವಾ?"

ಅಂದಿನಿಂದ ದಾನೇಶ್ವರಿ ಹೊಟ್ಟೆಯ ಆ ಜಾಗವನ್ನು ಚಿವುಟಿ ಚಿವುಟಿ ನೋಡಿಕೊಳ್ಳುತ್ತಿದ್ದಳು. ಕೊನೆಗೆ ಪರಮೇಶನ ಎದುರು ಕೂತು ಚೊಂಬಿನ ನೀರಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟಳು. ಅವನು ನಗಲಿಲ್ಲ. "ಜೀವೀನ ಮಣ್ಣು ಮಾಡಿದ್ ಜಾಗ ನೀನು ನೋಡೇ ಇಲ್ವಲ್ಲೇ. ಒಂದ್ಸಲ ಹೋಗಿ ನೋಡ್ಕಂಡು ಬಾ," ಎಂದ.

ಆರು ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರು ಎರಡೂ ಕಡೆ ನೋಡಿ ತೃಪ್ತಿಪಟ್ಟರು. ಉಳಿಯಬೇಕಾದಷ್ಟು ಉಳಿದಿದೆ, ಇನ್ನು ಕರಗುವುದಿಲ್ಲ ಎಂದರು. ಆಶಾಳೂ ಇಂಪ್ಲಾಂಟ್ ತೆಗೆಸಿಕೊಂಡು ಮತ್ತೆ ಲೈವ್‌ನಲ್ಲಿ ಸೀರೆ ಮಾರತೊಡಗಿದ್ದಳು. ಅದಾದ ಮರುವಾರ ದಾನೇಶ್ವರಿ ತಾಯಿಯ ಜೊತೆ ಕಂದಿಕೆರೆಯ ತೋಟಕ್ಕೆ ಹೋದಳು.

ಬಿಸಿಲು ನೆತ್ತಿಗೇರಿತ್ತು. ಬದುವಿನ ಕೊನೆಯಲ್ಲಿ ಎರಡು ತೆಂಗಿನ ಮರಗಳ ನಡುವೆ ಒಂದು ಕಲ್ಲು ತೋರಿಸಿ ತಾಯಿ ಕೂತಳು. ದಾನೇಶ್ವರಿಯೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಭಾರ ಎರಡೂ ಕಡೆ ಸಮನಾಗಿ ನೆಲಕ್ಕಿಳಿಯಿತು.

"ಜೀವಿ, ನಿನ್ನ ಓಡಿಸ್ಬೇಕು ಅಂತ ಮಾಡಿಸ್ಕಂಡಿದ್ದಲ್ಲ ಕಣೇ," ಎಂದಳು. "ಸೊಂಟ ನೋಯ್ತಿತ್ತು, ಅಷ್ಟೇಯ. ನೀನು ಇರ್ಬೇಕು ಅಂದ್ರೆ ಇರು."

ಗರಿಗಳು ಅಲುಗಲಿಲ್ಲ. ಬಹಳ ಹೊತ್ತು ಕಾದು ಅವಳು ತಾಯಿಯ ಕಡೆ ತಿರುಗಿದಳು. ದ್ರಾಕ್ಷಾಯಣಮ್ಮ ತಲೆ ಒಂದು ಪಕ್ಕಕ್ಕೆ ವಾಲಿಸಿ, ಯಾರದೋ ಮಾತಿಗೆ ಹೂಂಗುಟ್ಟುತ್ತಿದ್ದಳು.

"ಏನಂದ್ಲಮ್ಮ?" ಎಂದು ದಾನೇಶ್ವರಿ ಪಿಸುಗುಟ್ಟಿದಳು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಮೇಲೆದ್ದಳು.

"ನಿಂಗಲ್ಲ ಬುಡು, ನಂಗೆ ಹೇಳಿದ್ದು."