ಬಾವಿ ನುಂಗಿದ ಬೆಟ್ಟಮ್ಮ

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಹುಣಸೆಕೊಪ್ಪಲು ಎಂಬ ಊರಿದೆ. ಬಸ್ಸು ಅಲ್ಲಿ ನಿಲ್ಲಬೇಕೋ ಬೇಡವೋ ಎಂಬುದು ಡ್ರೈವರನ ಆ ದಿನದ ಮನಸ್ಸಿಗೆ ಬಿಟ್ಟದ್ದು. ಆ ಊರಾಚೆಯ ಕೇರಿಯಲ್ಲಿ ಬೆಟ್ಟಮ್ಮ ಎಂಬುವರು ಇಬ್ಬರಿದ್ದರು. ಒಬ್ಬಳನ್ನು ಬಿಳೀ ಬೆಟ್ಟಮ್ಮ ಎನ್ನುತ್ತಿದ್ದರು, ಇನ್ನೊಬ್ಬಳನ್ನು ಬಾವಿ ನುಂಗಿದ ಬೆಟ್ಟಮ್ಮ. ಎರಡು ಹೊತ್ತು ಮುದ್ದೆ ಕಾಣದ ಹೆಂಗಸು ಬಾವಿ ನುಂಗುವುದು ಹೇಗೆ ಎಂದು ನೀವು ಕೇಳಬಹುದು. ಅವಳು ನುಂಗಿದಾಗ ಆ ಬಾವಿಯನ್ನು ಇನ್ನೂ ತೋಡಿರಲಿಲ್ಲ.

ಮೊಸಳೆ ಎಂಬ ಊರ ಕಡೆಯ ಹುಡುಗಿ ಅವಳು. ಗೌಡರ ಮನೆಯಲ್ಲಿ ಆರಂಬದ ಆಳಾಗಿದ್ದ ಚಲುವಯ್ಯನ ಕೈಹಿಡಿದು ಬಂದಳು. ಮೂರು ಮಕ್ಕಳಾದವು, ಮೂರೂ ಅಂಬೆಗಾಲಿಡುವ ಹೊತ್ತಿಗೆ ಹೋದವು. ನಾಲ್ಕನೆಯದು ಗಂಡಾದಾಗ ಕೇರಿಯ ಹಿರಿಯರು ಇಂಥ ಮನೆಗಳಲ್ಲಿ ಮಾಡುವುದನ್ನೇ ಮಾಡಿದರು. ಕೂಸನ್ನು ತಿಪ್ಪೆಯ ಮೇಲೆ ಒಂದು ಸುತ್ತು ಹೊರಳಿಸಿ, ಪಕ್ಕದ ಮನೆಯ ಹೊನ್ನಕ್ಕನಿಗೆ ಒಂದು ಮೊರ ತೌಡಿಗೆ ಮಾರಿದರು. ಅಲ್ಲಿಂದ ಅದಕ್ಕೆ ತವ್ಡ ಎಂದೇ ಹೆಸರಾಯಿತು. ಮಗು ಉಣ್ಣುವುದು, ಮಲಗುವುದು ಬೆಟ್ಟಮ್ಮನ ಮಗ್ಗುಲಲ್ಲೇ. ಆದರೆ ಯಾರೇ ಕೇಳಲಿ, ಅದು ಹೊನ್ನಕ್ಕನದು ಎನ್ನಬೇಕು. ಬೆಟ್ಟಮ್ಮನ ಮಕ್ಕಳನ್ನು ಹುಡುಕಿಕೊಂಡು ಬರುವ ಸಾವು ಹೀಗೆ ಮೋಸಹೋಗಿ ಬರಿಗೈಲಿ ತಿರುಗುತ್ತದೆ. ಹೆತ್ತವಳು ಒಂದು ಸಲ ಬಾಯಿಬಿಟ್ಟು ‘ನನ್ನ ಮಗ’ ಎಂದಳೋ, ಮಾರಿದ್ದೆಲ್ಲ ದಂಡ.

ಇನ್ನು ನೀರಿನ ಮಾತು. ಊರ ಬಾವಿಯನ್ನು ಕೇರಿಯವರು ಮುಟ್ಟುವಂತಿರಲಿಲ್ಲ. ಬಾವಿಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು ನಿಲ್ಲಬೇಕು, ಊರ ಹೆಂಗಸರಲ್ಲಿ ಯಾರಿಗಾದರೂ ಮನಸ್ಸು ಬಂದು ಮೇಲಿನಿಂದ ಹುಯ್ದರೆ ಉಂಟು. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಆಗ ದನ ಇಳಿಯುವ ಕೆರೆಯ ಬಗ್ಗಡವೇ ಗತಿ. ಕೇರಿಯ ಯಜಮಾನ ದೇವಯ್ಯ ವರ್ಷಗಟ್ಟಲೆ ಅಲೆದ ಮೇಲೆ ಜೀಪಿನಲ್ಲಿ ಒಬ್ಬ ಆಫೀಸರು ಬಂದು, “ನೂರು ತಲೆ ಇರೋ ಕೇರಿಗೆ ಸ್ವಂತ ಬಾವಿ. ಬರೋ ಖಾನೇಷುಮಾರಿಯಲ್ಲಿ, ಜನ ಎಣಿಸುವಾಗ, ನೂರು ತೋರಿಸಿ” ಎಂದು ಹೇಳಿ, ಗೌಡರ ಮನೆಯಲ್ಲಿ ಎಳನೀರು ಕುಡಿದು ಹೋದರು. ದೇವಯ್ಯ ಹುಣಸೆಬೀಜ ಇಟ್ಟು ಎಣಿಸಿದ. ಸರಿಯಾಗಿ ನೂರು, ತವ್ಡನೂ ಸೇರಿ. ಒಂದು ಹೆಚ್ಚಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರ ಆ ಖಾನೇಷುಮಾರಿಗೆ ಬಂದವರು ಹೊಳೆನರಸೀಪುರದ ಸಂಪತ್ಕುಮಾರ ಮೇಷ್ಟ್ರು. ಹಾಸನದಲ್ಲಿ ತರಬೇತಿ ಮುಗಿಸಿ ಬಂದ ದಿನದಿಂದ ಅವರ ನಡಿಗೆಯೇ ಬದಲಾಗಿತ್ತು. ತಮ್ಮ ಹೆಂಡತಿ ಶ್ರೀರಂಗಮ್ಮನನ್ನು ಅವರು ‘ಕುಟುಂಬದ ಎರಡನೆಯ ವ್ಯಕ್ತಿ’ ಎಂದು ಕರೆಯುತ್ತಿದ್ದರು. ಆಕೆ ಹುಳಿ ಬಡಿಸುತ್ತಾ, “ಒಂದನೆಯ ವ್ಯಕ್ತಿಗೆ ಇನ್ನೊಂದು ಸೌಟು ಹಾಕಲೋ?” ಎನ್ನುತ್ತಿದ್ದರು. ನೆಹರೂ ದೆಹಲಿಯಲ್ಲಿ ತಮ್ಮ ಲೆಕ್ಕಕ್ಕಾಗಿಯೇ ಕಾಯುತ್ತಿದ್ದಾರೆಂದು ಮೇಷ್ಟ್ರು ನಿಜವಾಗಿಯೂ ನಂಬಿದ್ದರು.

ಮನೆಮನೆಗೂ ಹೋಗಿ ಬರೆಯಬೇಕೆಂದು ಸರ್ಕಾರದ ಪುಸ್ತಕದಲ್ಲಿತ್ತು. ಕೇರಿಯೊಳಗೆ ಕಾಲಿಟ್ಟರೆ ಮನೆಗೆ ಹೋಗಿ ತಲೆಗೆ ಸ್ನಾನ ಮಾಡಬೇಕೆಂದು ಇನ್ನೂ ಹಳೆಯ ಪುಸ್ತಕದಲ್ಲಿತ್ತು. ಮೇಷ್ಟ್ರು ಎರಡಕ್ಕೂ ಭಂಗ ಬಾರದಂತೆ ಕೇರಿಯ ಹೊರಗಿನ ಹೊಂಗೆಮರದ ಕೆಳಗೆ ಗೌಡರ ಮನೆಯ ಕುರ್ಚಿ ಹಾಕಿಸಿಕೊಂಡು ಕೂತರು. ಮನೆಗಳೇ ಅವರ ಹತ್ತಿರ ಬರಬೇಕಾಯಿತು.

ಬೆಟ್ಟಮ್ಮನ ಸರದಿ ಬಂತು.

“ಮನೇಲಿ ಎಷ್ಟು ಜನವೇ?”

“ಇಬ್ರು ಬುದ್ಧಿ. ನಾನು, ನಮ್ಮೋರು.”

“ಸೊಂಟದ ಮೇಲಿರೋದೇನು, ಕುಂಬಳಕಾಯೋ?”

“ಇದು ಒನ್ನಕ್ಕಂದು ಬುದ್ಧಿ.”

ಹೊನ್ನಕ್ಕನನ್ನು ಕರೆಸಿದರು. ಅವಳು ಆಗಲೇ ತನ್ನ ಐದು ಮಕ್ಕಳನ್ನು ಬರೆಸಿ ಮುಗಿಸಿದ್ದಳು.

“ಬಾಯ್ಮಾತಿಗೆ ಕೊಂಡಿವ್ನಿ ಸಾ, ದಿಟ. ಬರ್ಕೊಂಡ್ಬುಟ್ರೆ ಅವ್ಳ ಮನೆ ಸಾವು ನಮ್ಮನೆ ಬಾಗ್ಲು ತಟ್ಟಾಕಿಲ್ವಾ? ನಂಗೂ ಐದವೆ. ಬ್ಯಾಡಿ.”

ದೇವಯ್ಯ ಇಬ್ಬರ ನಡುವೆ ಬಂದು ನಿಂತ. “ಯಾರಾದ್ರೂ ಒಬ್ರು ನಂದು ಅನ್ರಮ್ಮಿ! ಲೇ ಬೆಟ್ಟಿ, ಬಾವಿ ಓಯ್ತದೆ ಕಣಮ್ಮಿ!”

ಬೆಟ್ಟಮ್ಮ ಮಗುವಿನ ತಲೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.

“ನನ್ ಮನೆಗೇ ಬರ್ಕಳಿ ಸಾ,” ಎಂದ ದೇವಯ್ಯ.

“ಇದು ಖಾನೇಷುಮಾರಿಯಪ್ಪ, ಹರಾಜಲ್ಲ. ಮಗು ಮಲಗೋದು ಎಲ್ಲಿ ಅಂತ ನನಗೆ ಖಾತ್ರಿಯಾಗಬೇಕು.”

“ಕೇರಿ ಒಳಕ್ಕೆ ಬಂದು ಬೆಟ್ಟಿ ಮನೆ ತೊಟ್ಲು ನೋಡಿ ಸಾ. ನಾಕೆಜ್ಜೆ.”

ಮೇಷ್ಟ್ರು ಕೇರಿಯತ್ತ ನೋಡಿದರು, ಆಮೇಲೆ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದರು. ಊಟದ ಹೊತ್ತು. ಇನ್ನೊಂದು ಸ್ನಾನವೆಂದರೆ ಊಟ ಸಂಜೆಗೆ ಬೀಳುತ್ತದೆ. ಪೆನ್ನಿಗೆ ಟೋಪಿ ಹಾಕಿ, “ಎರಡು ಮನೆಯವರೂ ನಮ್ಮದಲ್ಲ ಅಂದ ಪ್ರಜೆಯನ್ನ ಭಾರತ ಸರ್ಕಾರ ಮಾತ್ರ ಯಾಕಪ್ಪ ತನ್ನದು ಅನ್ನಬೇಕು?” ಎಂದರು. ಮಾತು ಅವರಿಗೇ ಬಹಳ ಹಿಡಿಸಿತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಹೋದರು.

ಹುಣಸೆಕೊಪ್ಪಲು ಕೇರಿ ತೊಂಬತ್ತೊಂಬತ್ತಕ್ಕೆ ನಿಂತಿತು.

ಚಲುವಯ್ಯ ಹೆಂಡತಿಯನ್ನು ಹೊಡೆಯಲಿಲ್ಲ, ಮಾತು ಬಿಟ್ಟ. ಹೆಂಗಸರು ಮಾತು ಬಿಡಲಿಲ್ಲ. ನೀರಿಗೆ ನಿಂತಲ್ಲಿ ಅವಳ ಕೊಡವನ್ನು ಕಾಲಲ್ಲಿ ತಳ್ಳಿ ಕೊನೆಗೆ ಹಾಕಿ, “ನಿಂಗ್ಯಾಕಮ್ಮಿ ನೀರು? ಬಾವಿನೇ ನುಂಗಿ ಕುಂತಿದ್ದೀಯೆ” ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಅಂದವಳು ಹೊನ್ನಕ್ಕ. ಅವಳೂ ‘ಬ್ಯಾಡಿ’ ಎಂದಿದ್ದಳೆಂಬುದು ಯಾರ ನೆನಪಿನಲ್ಲೂ ಉಳಿಯದಿರಲೆಂದು ಅಷ್ಟು ಗಟ್ಟಿ.

ಮಾರ್ಚಿ ತಿಂಗಳು ಹುಟ್ಟುತ್ತಲೇ ಲೆಕ್ಕ ತಿದ್ದುವುದಕ್ಕೆ ಇನ್ನೊಂದು ಸುತ್ತು ಬರಬೇಕಿತ್ತು. ಮೇಷ್ಟ್ರು ಆ ಸುತ್ತನ್ನು ತಮ್ಮ ಜಗಲಿಯ ಮೇಲೆಯೇ ಕೂತು ಹಾಕುತ್ತಿದ್ದಾರೆಂದು ಸುದ್ದಿ ಬಂತು. ಬೆಟ್ಟಮ್ಮ ಯಾರಿಗೂ ಹೇಳದೆ ತವ್ಡನನ್ನು ಎತ್ತಿಕೊಂಡು ಹೊಳೆನರಸೀಪುರಕ್ಕೆ ನಡೆದಳು. ಅಗ್ರಹಾರದ ಬೀದಿಯ ಆಚೆ ಪಕ್ಕದಲ್ಲಿ ನಿಂತಳು.

“ನಿಮ್ಮ ಪ್ರಜೆ ಯಾರೋ ಬಂದಿದ್ದಾರೆ ನೋಡಿ,” ಎಂದರು ಶ್ರೀರಂಗಮ್ಮ.

“ಬುದ್ಧೀ, ಇವ ನನ್ ಮಗ! ನಾನೇ ಎತ್ತಿದ್ದು! ನನ್ ಮಗ್ಗುಲಲ್ಲೇ ಮನಗಾದು! ಬರ್ಕಳಿ!”

ಬೀದಿಗೆಲ್ಲ ಕೇಳಿಸಿತು. ಆ ಕೂಸನ್ನು ಅವಳು ಮಗ ಎಂದದ್ದು ಅದೇ ಮೊದಲು. ಅಂದವಳೇ ಕೂಸನ್ನು ಎದೆಗೆ ಅವುಚಿಕೊಂಡಳು.

ಮೇಷ್ಟ್ರಿಗೆ ಕೋಪವೇನೂ ಬರಲಿಲ್ಲ. ಕ್ಲಾಸಿನಲ್ಲಿ ದಡ್ಡ ಹುಡುಗನಿಗೆ ಹೇಳುವಂತೆ ಸಾವಧಾನವಾಗಿ ಹೇಳಿದರು. “ನೋಡೇ, ಈಗ ಬರೆಯೋದು ಎರಡೇ. ನಾನು ಬಂದುಹೋದ ಮೇಲೆ ಹುಟ್ಟಿದ್ದು, ಸತ್ತದ್ದು. ಇವನು ಹುಟ್ಟಿದನೋ?”

“ಉಟ್ದ ಅಂತ್ಲೇ ಬರ್ಕಳಿ ಬುದ್ಧಿ.”

ಅಷ್ಟರಲ್ಲಿ ಮಗು ನಕ್ಕಿತು.

“ಹಲ್ಲು ಬಂದಿದೆಯಲ್ಲೇ! ಮೊನ್ನೆ ಹುಟ್ಟಿ ಇವತ್ತು ಹಲ್ಲು ಬರೋಕೆ ಇವನೇನು ಅವತಾರಪುರುಷನೇ? ಸುಳ್ಳು ಬರೆದರೆ ನನಗೆ ಜೈಲು.”

“ಅಂಗಾರೆ ಇವ್ನು?”

“ಹುಟ್ಟಿದ್ದೂ ಅಲ್ಲ, ಸತ್ತದ್ದೂ ಅಲ್ಲ. ಸತ್ತಿದ್ದರೂ ಏನೂ ಮಾಡೋ ಹಾಗಿರಲಿಲ್ಲ. ಬರೆದೇ ಇಲ್ಲದವನನ್ನ ಹೊಡೆದುಹಾಕೋದು ಹೇಗೆ?”

ಶ್ರೀರಂಗಮ್ಮ ಕೆಳಗಿಳಿದು, ಮಗುವಿಗೆಂದು ಒಂದು ತುಂಡು ಬೆಲ್ಲವನ್ನು ಬೀದಿಯ ಮಧ್ಯದ ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿದರು. ಬೆಟ್ಟಮ್ಮ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಊರದಾರಿ ಹಿಡಿದಳು.

ಬಾವಿ ಬೇರೆ ಊರಿನ ಕೇರಿಗೆ ಹೋಯಿತು. ಬೇಸಿಗೆ ಬಂತು. ಊರ ಬಾವಿ ತಳ ಕಂಡು, ಕೇರಿ ಕೆರೆಗೆ ಇಳಿಯಿತು. ತವ್ಡನಿಗೆ ವಾಂತಿಭೇದಿ ಹತ್ತಿಕೊಂಡಿತು. ಎರಡನೆಯ ದಿನ ಚಲುವಯ್ಯ ಹೆಂಡತಿಯೊಡನೆ ಮತ್ತೆ ಮಾತಾಡಿದ: “ಗುದ್ದಲಿ ಎಲ್ಲಿ ಮಡಗಿದ್ದೀಯೆ?”

ಕೇರಿ ಎರಡು ಪಾಲಾಯಿತು. ಅಗ್ರಹಾರದ ಬೀದಿಗೆಲ್ಲ ಕೇಳುವಂತೆ ‘ನನ್ ಮಗ’ ಅಂದುಬಿಟ್ಟಳಂತೆ, ಅದಕ್ಕೇ ಸತ್ತ ಎಂದಿತು ಅರ್ಧ ಕೇರಿ. ಅನ್ನಬೇಕಾದಾಗ ಅನ್ನಲಿಲ್ಲ, ಬಾವಿ ಬರಲಿಲ್ಲ, ಕೆರೆ ನೀರಿಗೆ ಸತ್ತ ಎಂದಿತು ಇನ್ನರ್ಧ. ಮಗುವನ್ನು ಕೊಂದವಳು ಯಾರೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ. ಮೇಷ್ಟ್ರಿಗೆ ಅಚ್ಚುಕಟ್ಟಾದ ಲೆಕ್ಕಕ್ಕಾಗಿ ಮೇಲಿನಿಂದ ಮೆಚ್ಚುಗೆಯ ಕಾಗದ ಬಂತು. ಚನ್ನರಾಯಪಟ್ಟಣದ ಬೀಗರ ಮನೆಯಲ್ಲಿ ಅವರು ತೌಡಿನ ಮಗುವಿನ ಕಥೆಯನ್ನು ಹೇಳಿ, ಉಣ್ಣುತ್ತಿದ್ದ ಪಂಕ್ತಿಗೆ ಪಂಕ್ತಿಯನ್ನೇ ನಗಿಸಿದರು. ಮಗು ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ.

ಮಳೆ ಹಿಡಿದು ಊರ ಬಾವಿಯಲ್ಲಿ ನೀರೇರಿತು. ಗೌಡರ ಮನೆಗೆ ಆಗತಾನೆ ಬಂದ ಸೊಸೆ ಮಲ್ಲಿಗಮ್ಮನಿಗೆ ಇನ್ನೂ ಊರ ಸುದ್ದಿ ತಿಳಿಯದು, ಮಾತಿನ ಚಪಲ ಬೇರೆ. ಬಾವಿಕಟ್ಟೆಯ ಮೇಲಿನಿಂದ ಬೆಟ್ಟಮ್ಮನ ಕೊಡಕ್ಕೆ ನೀರು ಹುಯ್ಯುತ್ತಾ, “ನಿಂಗೆ ಮಕ್ಕಳೆಷ್ಟೇ?” ಎಂದಳು.

ಸಾಲಿನಲ್ಲಿದ್ದ ಹೆಂಗಸರು ನೆಲ ನೋಡಿದರು. ಹೊನ್ನಕ್ಕ ಕೊಡವನ್ನು ಸುಮ್ಮನೆ ಉಜ್ಜತೊಡಗಿದಳು.

“ನಾಕು ಕಣ್ರವ್ವಾ,” ಎಂದಳು ಬೆಟ್ಟಮ್ಮ, ಎಲ್ಲರಿಗೂ ಕೇಳುವಂತೆ. ಬೆರಳು ಮಡಿಚುತ್ತಾ ನಾಲ್ಕೂ ಹೆಸರು ಹೇಳಿದಳು. ಈಗ ಯಾವ ಕಣ್ಣಿಗೂ ಅಂಜಬೇಕಾಗಿರಲಿಲ್ಲ.

“ಪುಣ್ಯವಂತೆ ಕಣೇ,” ಎಂದು ಮಲ್ಲಿಗಮ್ಮ ಅವಳಿಗೆ ಇನ್ನೊಂದು ಬಿಂದಿಗೆ ಹೆಚ್ಚಿಗೆ ಹುಯ್ದಳು.